ಫ್ಲೋರಿನ್‌ಗಿಂತ ಪ್ಲಾಟಿನಂ ಹೆಕ್ಸಾಫ್ಲೋರೈಡ್ ಜೋರು ಅಂದರೆ ಹೇಗೆ? ಸೆಮಿನಾರ್‌ಗೆ ಸಹಾಯ ಬೇಕು

ಕೊಣಾಜೆ_ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಕೊಣಾಜೆಯಲ್ಲಿ ಎಂ.ಎಸ್ಸಿ. ರಸಾಯನಶಾಸ್ತ್ರ ಓದುತ್ತಿದ್ದೇನೆ. ಸೆಮಿನಾರ್‌ಗೆ ಸಂಕ್ರಮಣ ಲೋಹಗಳ ಫ್ಲೋರೈಡ್‌ಗಳ ವಿಷಯ ತೆಗೆದುಕೊಂಡಿದ್ದೇನೆ. ಎಲ್ಲ ಫ್ಲೋರೈಡ್‌ಗಳೂ ಅಲ್ಲ, ಎಲೆಕ್ಟ್ರಾನ್ ಕಸಿಯುವುದರಲ್ಲಿ ತುಂಬಾ ಜೋರಿರುವಂಥವು ಮಾತ್ರ.

ಪಿಯುಸಿಯಿಂದಲೂ ಓದಿಕೊಂಡು ಬಂದದ್ದು ಏನೆಂದರೆ, ಫ್ಲೋರಿನ್‌ಗಿಂತ ದೊಡ್ಡ ಉತ್ಕರ್ಷಣಕಾರಿ (ಬೇರೆ ವಸ್ತುವಿನಿಂದ ಎಲೆಕ್ಟ್ರಾನ್ ಕಸಿಯುವಂಥದ್ದು) ಇಲ್ಲ ಅಂತ. ಈಗ ನೋಡಿದರೆ ಆಮ್ಲಜನಕದ ಅಣುವಿನಿಂದಲೇ ಒಂದು ಎಲೆಕ್ಟ್ರಾನ್ ಕಿತ್ತುಕೊಂಡದ್ದು ಪ್ಲಾಟಿನಂ ಹೆಕ್ಸಾಫ್ಲೋರೈಡ್. ಜಡಾನಿಲ ಕ್ಸೆನಾನ್‌ನ ಮೊದಲ ಸಂಯುಕ್ತ ಸಿಕ್ಕಿದ್ದೂ ಅದರಿಂದಲೇ. ಆ ಅಣುವಿನಲ್ಲಿರುವ ಆರು ಫ್ಲೋರಿನ್‌ಗಳು ಆಗಲೇ ಪ್ಲಾಟಿನಂನಿಂದ ಬೇಕಾದಷ್ಟು ಎಲೆಕ್ಟ್ರಾನ್ ಎಳೆದುಕೊಂಡು ಕೂತಿವೆ. ಮತ್ತೂ ಒಂದು ಬೇಕು ಅನ್ನುವ ಹಸಿವು ಎಲ್ಲಿಂದ ಬರುತ್ತದೆ? ಯಾರಾದರೂ ಬಿಡಿಸಿ ಹೇಳುತ್ತೀರಾ?

ಮೇಷ್ಟ್ರು_ಉಡುಪಿ

ಒಳ್ಳೆಯ ಪ್ರಶ್ನೆ ಮಗಳೇ. ಮೂವತ್ತು ವರ್ಷಕ್ಕೂ ಜಾಸ್ತಿ ಪಾಠ ಮಾಡಿದವನು ನಾನು. ಈ ಪ್ರಶ್ನೆ ಕೇಳಿದ ಮಕ್ಕಳು ತುಂಬಾ ಕಡಿಮೆ.

ಹಸಿವು ಫ್ಲೋರಿನ್‌ನದ್ದಲ್ಲ, ಪ್ಲಾಟಿನಂನದ್ದು. ಅಲ್ಲಿಂದ ಶುರು ಮಾಡು. ಆ ಅಣುವಿನಲ್ಲಿ ಪ್ಲಾಟಿನಂ +6 ಸ್ಥಿತಿಯಲ್ಲಿ ಉಂಟು, ಅಂದರೆ ಲೆಕ್ಕದಲ್ಲಿ ಆರು ಎಲೆಕ್ಟ್ರಾನ್ ಕಳೆದುಕೊಂಡಿದೆ. ಆರು ಫ್ಲೋರಿನ್‌ಗಳು ಎಲ್ಲ ಕಡೆಯಿಂದ ಎಳೆದ ಕಾರಣ ಅದು ತನಗೆ ಒಗ್ಗದ ಎತ್ತರಕ್ಕೆ ಹೋಗಿ ನಿಂತಿದೆ. ಕೇಂದ್ರದ ಧನ ಆವೇಶವನ್ನು ಮರೆಮಾಡುವ ಎಲೆಕ್ಟ್ರಾನುಗಳು ಕಡಿಮೆ ಆಗಿವೆ. ಹಾಗಾಗಿ 5ಡಿ ಕಕ್ಷಕಗಳ ಶಕ್ತಿ ತುಂಬಾ ಕೆಳಗೆ ಇಳಿದಿದೆ, ಅಲ್ಲಿ ಜಾಗವೂ ಖಾಲಿ ಉಂಟು. ಹೊರಗಿನಿಂದ ಬಂದ ಎಲೆಕ್ಟ್ರಾನ್ ಸೀದಾ ಅಲ್ಲಿಗೆ ಇಳಿಯುತ್ತದೆ. ಫ್ಲೋರಿನ್‌ಗಳು ಎಲೆಕ್ಟ್ರಾನನ್ನು ತಮಗಾಗಿ ಕೇಳುತ್ತಿಲ್ಲ. ಲೋಹ ಕೇಳುವ ಹಾಗೆ ಮಾಡಿ ಇಟ್ಟಿವೆ.

ಇದನ್ನು ಒಂದೇ ಸಾಲಿನಲ್ಲಿ ಕಾಣಬಹುದು. ಆವರ್ತ ಕೋಷ್ಟಕದಲ್ಲಿ ಟಂಗ್‌ಸ್ಟನ್, ರೀನಿಯಂ, ಆಸ್ಮಿಯಂ, ಇರಿಡಿಯಂ, ಪ್ಲಾಟಿನಂ ಪಕ್ಕ ಪಕ್ಕ ಬರುತ್ತವೆ. ಐದಕ್ಕೂ ಹೆಕ್ಸಾಫ್ಲೋರೈಡ್ ಉಂಟು. ಐದೂ ಎಂಟು ಮುಖದ ಅಣುಗಳೇ, ಗಾತ್ರದಲ್ಲೂ ಹೆಚ್ಚುಕಮ್ಮಿ ಒಂದೇ. ಟಂಗ್‌ಸ್ಟನ್ನಿನದ್ದು ಬಣ್ಣವಿಲ್ಲದ ಅನಿಲ, 17 ಡಿಗ್ರಿಯಲ್ಲೇ ಕುದಿಯುತ್ತದೆ. ರೀನಿಯಂ, ಆಸ್ಮಿಯಂ, ಇರಿಡಿಯಂ ಹಳದಿ. ಪ್ಲಾಟಿನಂನದ್ದು ಗಾಢ ಕೆಂಪು, 61 ಡಿಗ್ರಿಯಲ್ಲಿ ಕರಗಿ 69ರಲ್ಲಿ ಕುದಿಯುತ್ತದೆ. ಎಡದಿಂದ ಬಲಕ್ಕೆ ಹೋದ ಹಾಗೆ ಕೇಂದ್ರದಲ್ಲಿ ಒಂದೊಂದು ಪ್ರೋಟಾನ್ ಜಾಸ್ತಿ ಆಗುತ್ತದೆ. ಒಂದೊಂದು ಡಿ ಎಲೆಕ್ಟ್ರಾನೂ ಸೇರುತ್ತದೆ ನಿಜ. ಆದರೆ ಅದು ಆ ಪ್ರೋಟಾನನ್ನು ಪೂರ್ತಿ ಮುಚ್ಚುವುದಿಲ್ಲ. ಹಾಗಾಗಿ ಎಳೆತ ಹೆಜ್ಜೆ ಹೆಜ್ಜೆಗೂ ಏರುತ್ತದೆ. ಟಂಗ್‌ಸ್ಟನ್ನಿನದ್ದು ಎಲೆಕ್ಟ್ರಾನ್ ವಿಷಯದಲ್ಲಿ ಸಾಧು. ಪ್ಲಾಟಿನಂನದ್ದು ಆಮ್ಲಜನಕವನ್ನೂ ಬಿಡುವುದಿಲ್ಲ. ಇರಿಡಿಯಂನದ್ದಕ್ಕೆ ಆಮ್ಲಜನಕದಿಂದ ಕಿತ್ತುಕೊಳ್ಳಲು ಆಗುವುದಿಲ್ಲ, ನೈಟ್ರಿಕ್ ಆಕ್ಸೈಡ್‌ನಿಂದ ಆಗುತ್ತದೆ.

ಆರು ಫ್ಲೋರಿನ್ ಐದರಲ್ಲೂ ಇವೆ. ಬದಲಾದದ್ದು ನಡುವಿನ ಲೋಹ ಮಾತ್ರ. ಸೆಮಿನಾರ್‌ನಲ್ಲಿ ಈ ಐದನ್ನು ಒಂದೇ ಸ್ಲೈಡ್‌ನಲ್ಲಿ ತೋರಿಸು.

ಮಲ್ಪೆ_ಗಾಳಿ

ನಾನು ಎಲೆಕ್ಟ್ರಾನಿಕ್ಸ್ ಅಂಗಡಿಯವನು, ಕೆಮಿಸ್ಟ್ರಿ ಡಿಗ್ರಿ ಇಲ್ಲ. ಆದರೂ ಓದಿ ಖುಷಿಯಾಯ್ತು. ಟಂಗ್‌ಸ್ಟನ್ ಹೆಕ್ಸಾಫ್ಲೋರೈಡ್ ಅಂದರೆ ಚಿಪ್ ಮಾಡುವ ಫ್ಯಾಕ್ಟರಿಯಲ್ಲಿ ಬಳಸುವ ಅನಿಲ ಅಲ್ವಾ?

ಸುರತ್ಕಲ್_ಲೈಟ್‌ಹೌಸ್

ಹೌದು, ಅದೇ. ಹೈಡ್ರೋಜನ್ ಜೊತೆ ಬಿಸಿ ಮಾಡಿದರೆ ಟಂಗ್‌ಸ್ಟನ್ ಲೋಹ ಪದರವಾಗಿ ಕೂರುತ್ತದೆ, ಹೈಡ್ರೋಜನ್ ಫ್ಲೋರೈಡ್ ಹೊರಗೆ ಹೋಗುತ್ತದೆ. ಚಿಪ್ ಒಳಗಿನ ಸಣ್ಣ ಸಣ್ಣ ಸಂಪರ್ಕಗಳನ್ನು ಹಾಗೆ ತುಂಬಿಸುತ್ತಾರೆ. ಗಾಳಿಗಿಂತ ಸುಮಾರು 10 ಪಟ್ಟು ಭಾರದ ಅನಿಲ ಅದು.

ನಾನು ಪಿಎಚ್‌ಡಿ ಮಾಡುತ್ತಿರುವುದು ಕಂಪ್ಯೂಟರಿನಲ್ಲಿ ಅಣುಗಳ ಲೆಕ್ಕ ಹಾಕುವ ವಿಷಯದಲ್ಲಿ. ಮೇಷ್ಟ್ರು ಹೇಳಿದ್ದಕ್ಕೆ ಸ್ವಲ್ಪ ಅಂಕಿ ಸೇರಿಸುತ್ತೇನೆ.

ಫ್ಲೋರಿನ್ ಪರಮಾಣುವಿನ ಎಲೆಕ್ಟ್ರಾನ್ ಅಫಿನಿಟಿ, ಅಂದರೆ ಒಂದು ಎಲೆಕ್ಟ್ರಾನ್ ಸೇರಿದಾಗ ಹೊರಬರುವ ಶಕ್ತಿ, 3.40 ಎಲೆಕ್ಟ್ರಾನ್ ವೋಲ್ಟ್ (ಇದು ಶಕ್ತಿಯ ಅಳತೆ). ಕ್ಲೋರಿನ್ನಿನದ್ದು ಇದಕ್ಕಿಂತ ಸ್ವಲ್ಪ ಜಾಸ್ತಿ, 3.61. ಪ್ಲಾಟಿನಂ ಹೆಕ್ಸಾಫ್ಲೋರೈಡ್‌ನದ್ದು ಸುಮಾರು 7. ಅಂದರೆ ಫ್ಲೋರಿನ್‌ನ ಎರಡು ಪಟ್ಟು. ಬಂದ ಎಲೆಕ್ಟ್ರಾನ್ ಬರೀ ಲೋಹದ ಮೇಲೆ ಕೂರುವುದೂ ಇಲ್ಲ. ಅದರ ಆವೇಶ ಆರು ಫ್ಲೋರಿನ್‌ಗಳ ಮೇಲೂ ಹರಡಿಕೊಳ್ಳುತ್ತದೆ. ಒಂಟಿ ಫ್ಲೋರಿನ್ ಪರಮಾಣು ತುಂಬಾ ಚಿಕ್ಕದು. ಅಲ್ಲಿ ಎಲೆಕ್ಟ್ರಾನುಗಳ ನೂಕಾಟ ಜಾಸ್ತಿ. ಅಷ್ಟು ಚಿಕ್ಕ ಜಾಗಕ್ಕೆ ಇನ್ನೊಂದನ್ನು ತುರುಕಬೇಕು. ಈ ದೊಡ್ಡ ಅಣುವಿನಲ್ಲಿ ಆ ತೊಂದರೆ ಇಲ್ಲ.

ಕೊಣಾಜೆ_ಹುಡುಗಿ

ಮೇಷ್ಟ್ರೇ, ಆ ಐದರ ಸಾಲು ತುಂಬಾ ಚೆನ್ನಾಗಿದೆ. ಖಂಡಿತ ಹಾಕುತ್ತೇನೆ.

ಆದರೆ ಸುರತ್ಕಲ್ ಅಣ್ಣ, ನೀವು ಕೊಟ್ಟ ಅಂಕಿಯಿಂದ ನನಗೆ ಹೊಸ ಸಂಶಯ. ಆಮ್ಲಜನಕದ ಅಣುವಿನಿಂದ ಎಲೆಕ್ಟ್ರಾನ್ ತೆಗೆಯಲು 12.07 ಎಲೆಕ್ಟ್ರಾನ್ ವೋಲ್ಟ್ ಬೇಕು. ಪ್ಲಾಟಿನಂ ಹೆಕ್ಸಾಫ್ಲೋರೈಡ್ ವಾಪಸ್ಸು ಕೊಡುವುದು 7. ಇನ್ನೂ 5 ಕಡಿಮೆ ಬೀಳುತ್ತದೆ. ಮತ್ತೆ ಹೇಗೆ ಕ್ರಿಯೆ ನಡೆಯಿತು?

ಸುರತ್ಕಲ್_ಲೈಟ್‌ಹೌಸ್

ಇದೇ ಪ್ರಶ್ನೆ ಬರಲಿ ಅಂತ ಕಾಯುತ್ತಿದ್ದೆ. ಆ 5 ಬರುವುದು ಹರಳಿನಿಂದ.

ಎಲೆಕ್ಟ್ರಾನ್ ವರ್ಗ ಆದ ಮೇಲೆ ನಮ್ಮ ಹತ್ತಿರ ಎರಡು ಅಯಾನುಗಳು ಇರುತ್ತವೆ. ಒಂದು ಆಮ್ಲಜನಕದ ಧನ ಅಯಾನು, ಇನ್ನೊಂದು ಹೆಕ್ಸಾಫ್ಲೋರೋಪ್ಲಾಟಿನೇಟ್ ಋಣ ಅಯಾನು. ಇವು ಅನಿಲವಾಗಿ ದೂರ ದೂರ ಇದ್ದರೆ ಲೆಕ್ಕ ನಿಜಕ್ಕೂ ನಷ್ಟದ್ದು. ಆದರೆ ಅವು ಹಾಗೆ ಇರುವುದಿಲ್ಲ. ಒಂದಕ್ಕೊಂದು ಅಂಟಿಕೊಂಡು ಘನ ಹರಳು ಕಟ್ಟುತ್ತವೆ. ಆಗ ಹೊರಬರುವ ಲ್ಯಾಟಿಸ್ ಶಕ್ತಿ ಒಂದು ಮೋಲ್‌ಗೆ 500 ಕಿಲೋಜೂಲ್‌ನ ಆಸುಪಾಸಿನಲ್ಲಿದೆ. ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಹೇಳಿದರೆ ಸುಮಾರು 5. ಸಾಲ ತೀರಿತು. ಅನಿಲ ಸ್ಥಿತಿಯಲ್ಲಿ ಬರೀ ಎರಡು ಅಣುಗಳು ಡಿಕ್ಕಿ ಹೊಡೆದರೆ ಇದು ಆಗುವುದಿಲ್ಲ. ಘನ ಬೀಳುವುದರಿಂದಲೇ ಆಗುತ್ತದೆ.

ಈಗ ಫ್ಲೋರಿನ್‌ಗೆ ಇದೇ ಲೆಕ್ಕ ಹಾಕು. ಆಮ್ಲಜನಕಕ್ಕೆ 12.07 ಖರ್ಚು. ಫ್ಲೋರಿನ್ ಅಣುವನ್ನು ಒಡೆಯಲು ಒಂದು ಪರಮಾಣುವಿಗೆ ಇನ್ನೊಂದು 0.8 ಖರ್ಚು. ವಾಪಸ್ಸು ಬರುವುದು 3.4 ಮಾತ್ರ. ಸುಮಾರು 9.5 ಕಡಿಮೆ. ಹರಳು ಅಷ್ಟನ್ನು ತುಂಬಿಕೊಡಬೇಕು. ಅದು ಸಾಲದು ಅಂತ, ಫ್ಲೋರೈಡ್ ಅಯಾನು ಪಕ್ಕದಲ್ಲೇ ಇರುವ ಅಂಥ ಹಸಿದ ಧನ ಅಯಾನಿಗೆ ಎಲೆಕ್ಟ್ರಾನನ್ನು ತಿರುಗಿ ಕೊಟ್ಟುಬಿಡುತ್ತದೆ. ಹೆಕ್ಸಾಫ್ಲೋರೋಪ್ಲಾಟಿನೇಟ್ ಕೊಡುವುದಿಲ್ಲ. ಹಿಡಿದದ್ದನ್ನು ಬಿಡುವುದಿಲ್ಲ.

ಹಾಗಾಗಿ ಉತ್ಕರ್ಷಣಕಾರಿಯನ್ನು ಅಳೆಯುವಾಗ ಅದು ಎಲೆಕ್ಟ್ರಾನ್ ತೆಗೆದುಕೊಂಡ ಮೇಲೆ ಏನಾಗುತ್ತದೆ ಅಂತಲೂ ನೋಡಬೇಕು. ನನ್ನ ಮಟ್ಟಿಗೆ ಈ ಇಡೀ ವಿಷಯದ ತಿರುಳೇ ಅದು.

ಮೇಷ್ಟ್ರು_ಉಡುಪಿ

ಸರಿಯಾಗಿ ಹೇಳಿದಿರಿ. ಇನ್ನೊಂದು ಮಾತು ಸೇರಿಸಬೇಕು. ಪುಸ್ತಕದಲ್ಲಿ ಎಲೆಕ್ಟ್ರಾನ್ ಕಸಿಯುವ ಬಲವನ್ನು ವೋಲ್ಟ್‌ನಲ್ಲಿ ಹೇಳಿ ಫ್ಲೋರಿನ್‌ಗೆ ಮೊದಲ ಸ್ಥಾನ ಕೊಡುವ ಪಟ್ಟಿ ಉಂಟಲ್ಲ, +2.87 ವೋಲ್ಟ್ ಅಂತ, ಅದು ನೀರಿನಲ್ಲಿನ ಪಟ್ಟಿ. ಪ್ಲಾಟಿನಂ ಹೆಕ್ಸಾಫ್ಲೋರೈಡ್ ನೀರಿನಲ್ಲಿ ಉಳಿಯುವುದೇ ಇಲ್ಲ. ಹಾಗಾಗಿ ಆ ಪಟ್ಟಿಯಲ್ಲಿ ಅದಕ್ಕೆ ಜಾಗವೂ ಇಲ್ಲ. ಪಟ್ಟಿ ಸುಳ್ಳಲ್ಲ. ಅದರ ಊರು ಬೇರೆ.

ಇತಿಹಾಸವನ್ನೂ ಸರಿಯಾಗಿ ಹೇಳಬೇಕು. ಪ್ಲಾಟಿನಂ ಹೆಕ್ಸಾಫ್ಲೋರೈಡನ್ನು ಮೊದಲು ಮಾಡಿದ್ದು ಅಮೆರಿಕದ ಆರ್ಗಾನ್ ಪ್ರಯೋಗಾಲಯದಲ್ಲಿ, 1957ರಲ್ಲಿ. ಅದು ಆಮ್ಲಜನಕದಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುವುದನ್ನು ಕಂಡುಹಿಡಿದ ನೀಲ್ ಬಾರ್ಟ್‌ಲೆಟ್ ಇದ್ದದ್ದು ಕೆನಡಾದ ವ್ಯಾಂಕೂವರ್‌ನಲ್ಲಿ, ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ. ಗಾಜಿನ ಸಲಕರಣೆಯಲ್ಲಿ ಪ್ಲಾಟಿನಂ ಮತ್ತು ಫ್ಲೋರಿನ್ ಜೊತೆ ಕೆಲಸ ಮಾಡುವಾಗ ಒಂದು ಕೆಂಪು ಘನ ಬರುತ್ತಿತ್ತು. ಅದರಲ್ಲಿ ಆಮ್ಲಜನಕ ಉಂಟು ಅಂತ ಗೊತ್ತಾಯಿತು. ಯಾವ ರೂಪದಲ್ಲಿ ಅನ್ನುವುದೇ ಒಗಟು. ಆಮ್ಲಜನಕದ ಅಣುವೇ ಧನ ಅಯಾನು ಆಗಿ ಕೂತಿದೆ ಅಂತ ಅವರು ತೀರ್ಮಾನ ಮಾಡಿದರು. ನಂಬುವುದು ಸುಲಭ ಇರಲಿಲ್ಲ. ಆಮ್ಲಜನಕ ಅಂದರೆ ಬೇರೆಯವರಿಂದ ಎಲೆಕ್ಟ್ರಾನ್ ತೆಗೆದುಕೊಳ್ಳುವಂಥದ್ದು.

ಆಮೇಲಿನ ಹೆಜ್ಜೆ ನನಗೆ ಈಗಲೂ ರೋಮಾಂಚನ ಕೊಡುತ್ತದೆ. ಅಯಾನೀಕರಣ ಶಕ್ತಿಯ, ಅಂದರೆ ಒಂದು ಎಲೆಕ್ಟ್ರಾನ್ ಕೀಳಲು ಬೇಕಾದ ಶಕ್ತಿಯ ಕೋಷ್ಟಕ ನೋಡಿದರೆ ಕ್ಸೆನಾನ್‌ನದ್ದು 12.13. ಆಮ್ಲಜನಕದ ಅಣುವಿನದ್ದು 12.07. ಎರಡೂ ಅಕ್ಕಪಕ್ಕ. ಆಮ್ಲಜನಕದಿಂದ ಆದರೆ ಕ್ಸೆನಾನ್‌ನಿಂದಲೂ ಆಗಬೇಕು, ಅಲ್ವಾ? 1962ರ ಮಾರ್ಚ್ 23ರಂದು ಆ ಕೆಂಪು ಆವಿಗೂ ಕ್ಸೆನಾನ್‌ಗೂ ನಡುವಿನ ತಡೆ ಒಡೆದರು. ಕೋಣೆಯ ಉಷ್ಣತೆಯಲ್ಲೇ, ಕೂಡಲೇ, ಹಳದಿ ಬಣ್ಣದ ಘನ ಕೂತಿತು. ಜಡಾನಿಲಗಳು ಯಾರ ಜೊತೆಗೂ ಸೇರುವುದಿಲ್ಲ ಅನ್ನುವ ನಂಬಿಕೆ ಅವತ್ತಿಗೆ ಮುಗಿಯಿತು.

ಅದಕ್ಕೂ ಮುಂಚೆ, 1933ರಲ್ಲಿ, ಲೈನಸ್ ಪೌಲಿಂಗ್ ಕ್ಸೆನಾನ್ ಫ್ಲೋರೈಡ್ ಸಾಧ್ಯ ಅಂದಿದ್ದರು. ಅದೇ ವರ್ಷ ಕ್ಯಾಲ್ಟೆಕ್‌ನಲ್ಲಿ ಪ್ರಯತ್ನವೂ ಆಗಿತ್ತು, ಸಿಗಲಿಲ್ಲ. ಕಡೆಗೆ ದಾರಿ ತೋರಿಸಿದ್ದು ಎರಡು ಅಂಕಿಗಳ ಹೋಲಿಕೆ.

ಸುರತ್ಕಲ್_ಲೈಟ್‌ಹೌಸ್

ಒಂದು ತಿದ್ದುಪಡಿ ಸರ್. ತುಂಬಾ ಪುಸ್ತಕಗಳಲ್ಲಿ ಆ ಹಳದಿ ಘನವನ್ನು ಕ್ಸೆನಾನ್ ಹೆಕ್ಸಾಫ್ಲೋರೋಪ್ಲಾಟಿನೇಟ್ ಅಂತ ಸರಳವಾಗಿ ಬರೆದಿರುತ್ತಾರೆ. ನಿಜದಲ್ಲಿ ಅದು ಅಷ್ಟು ಸರಳ ಇಲ್ಲ. ಪ್ಲಾಟಿನಂ ಹೆಕ್ಸಾಫ್ಲೋರೈಡ್ ಜಾಸ್ತಿ ಇದ್ದರೆ ಕ್ಸೆನಾನ್ ಒಂದು ಫ್ಲೋರಿನ್ನನ್ನೂ ಹಿಡಿದುಕೊಂಡು ಬಿಡುತ್ತದೆ. ಪಕ್ಕದಲ್ಲಿ ಪ್ಲಾಟಿನಂ ಪೆಂಟಾಫ್ಲೋರೈಡ್ ಉಳಿಯುತ್ತದೆ. 60 ಡಿಗ್ರಿಗೆ ಬಿಸಿ ಮಾಡಿದರೆ ಅವೆರಡೂ ಸೇರಿ ಎರಡು ಪ್ಲಾಟಿನಂ ಇರುವ ದೊಡ್ಡ ಋಣ ಅಯಾನು ಆಗುತ್ತದೆ. ಸೆಮಿನಾರ್‌ನಲ್ಲಿ ಯಾರಾದರೂ ಕೇಳಿದರೆ ಇದನ್ನು ಹೇಳು. ಬಾರ್ಟ್‌ಲೆಟ್ ಅವರ ತರ್ಕಕ್ಕೆ ಇದರಿಂದ ಏನೂ ಕಡಿಮೆ ಆಗುವುದಿಲ್ಲ.

ಕುಂದಾಪ್ರದವ

ನಾನು ಗುಜರಾತಿನಲ್ಲಿ ಫ್ಲೋರಿನ್ ರಸಾಯನಗಳ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. ನೀವೆಲ್ಲ ಎಲೆಕ್ಟ್ರಾನ್ ಲೆಕ್ಕ ಹಾಕುತ್ತಿದ್ದೀರಿ, ನಾನು ಪೈಪ್ ಕಡೆಯಿಂದ ಹೇಳುತ್ತೇನೆ.

ಈ ಪದಾರ್ಥಗಳನ್ನು ಯಾವುದರಲ್ಲಿ ಇಡುವುದು ಅನ್ನುವುದೇ ಅರ್ಧ ಕೆಲಸ. ನಿಕ್ಕಲ್, ಇಲ್ಲವೇ ನಿಕ್ಕಲ್ ಮತ್ತು ತಾಮ್ರದ ಮಿಶ್ರಲೋಹ ಮೋನೆಲ್. ಅವುಗಳ ಮೇಲೆ ಫ್ಲೋರಿನ್ ಹಾಯಿಸಿದರೆ ಮೊದಲು ತೆಳ್ಳಗೆ ನಿಕ್ಕಲ್ ಫ್ಲೋರೈಡ್ ಪದರ ಕೂರುತ್ತದೆ. ಆ ಪದರ ಗಟ್ಟಿಯಾಗಿ ಅಂಟಿಕೊಂಡರೆ ಒಳಗಿನ ಲೋಹಕ್ಕೆ ಮತ್ತೆ ಏನೂ ಆಗುವುದಿಲ್ಲ. ನಾವು ಪ್ಯಾಸಿವೇಶನ್ ಅನ್ನುತ್ತೇವೆ. ಹೊಸ ಲೈನ್ ಹಾಕಿದಾಗ ಒಂದು ಹನಿ ಎಣ್ಣೆ, ಒಂದು ಹನಿ ನೀರು ಇರಬಾರದು. ತೊಳೆದು, ಒಣಗಿಸಿ, ನೈಟ್ರೋಜನ್ ಹಾಯಿಸಿ, ಆಮೇಲೆ ಫ್ಲೋರಿನ್ನನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತಾ ಹೋಗಬೇಕು. ಅವಸರ ಮಾಡುವ ಹಾಗಿಲ್ಲ. ಎಣ್ಣೆ ಉಳಿದ ಕಡೆ ಬೆಂಕಿ ಹತ್ತುತ್ತದೆ, ಆ ಬೆಂಕಿಯ ಬಿಸಿಗೆ ಪದರ ಹೋಗಿ ಲೋಹವೇ ಉರಿಯುತ್ತದೆ.

ಗಾಜು ಯಾಕೆ ಆಗುವುದಿಲ್ಲ ಅಂತ ಕೇಳುತ್ತಾರೆ. ಚೂರು ತೇವ ಇದ್ದರೂ ಹೈಡ್ರೋಜನ್ ಫ್ಲೋರೈಡ್ ಆಗುತ್ತದೆ. ಅದು ಗಾಜನ್ನು ತಿಂದು ಸಿಲಿಕಾನ್ ಫ್ಲೋರೈಡ್ ಮತ್ತು ನೀರು ಮಾಡುತ್ತದೆ. ಆ ನೀರು ಮತ್ತೆ ಹೈಡ್ರೋಜನ್ ಫ್ಲೋರೈಡ್ ಮಾಡುತ್ತದೆ. ಒಮ್ಮೆ ಶುರುವಾದರೆ ನಿಲ್ಲುವುದಿಲ್ಲ. ರೋಡಿಯಂ ಹೆಕ್ಸಾಫ್ಲೋರೈಡ್ ಅಂತೂ ಚೆನ್ನಾಗಿ ಒಣಗಿಸಿದ ಗಾಜನ್ನೂ ಕೋಣೆಯ ಉಷ್ಣತೆಯಲ್ಲಿ ಬಿಡುವುದಿಲ್ಲ. ಅಂಥದ್ದಕ್ಕೆ ಟೆಫ್ಲಾನ್ ಜಾತಿಯ ಪ್ಲಾಸ್ಟಿಕ್, ನಿಕ್ಕಲ್, ನೀಲಮಣಿಯ ಕೊಳವೆ ಬೇಕು.

ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಗೋಡೆಯೇ ನೀರು ಬಿಡುತ್ತದೆ. ಅಲ್ಲಿ ಇಂಥ ಕೆಲಸ ಮಾಡುವುದಾದರೆ ಆರ್ಗಾನ್ ತುಂಬಿದ ಗ್ಲೋವ್ ಬಾಕ್ಸ್ ಬಿಟ್ಟು ಬೇರೆ ದಾರಿ ಇಲ್ಲ. ಒಳಗೆ ನೀರಿನ ಅಂಶ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತ ಕಡಿಮೆ ಇರಬೇಕು.

ಕಾರ್ಕಳ_ಟೀಚರ್

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಇದನ್ನೆಲ್ಲ ಓದಿದ ಮೇಲೆ ಮಕ್ಕಳು ಖಂಡಿತ ಕೇಳುವ ಪ್ರಶ್ನೆ ಒಂದಿದೆ. ಟೂತ್‌ಪೇಸ್ಟ್‌ನಲ್ಲೂ ಫ್ಲೋರೈಡ್ ಇದೆ. ಅದು ಇಷ್ಟು ಅಪಾಯದ್ದಾ?

ಮೇಷ್ಟ್ರು_ಉಡುಪಿ

ಇಲ್ಲ ಟೀಚರೇ. ಪೇಸ್ಟ್‌ನಲ್ಲಿರುವುದು ಫ್ಲೋರೈಡ್ ಅಯಾನು. ಅದಕ್ಕೆ ಬೇಕಾದ ಎಲೆಕ್ಟ್ರಾನ್ ಆಗಲೇ ಸಿಕ್ಕಿದೆ. ಅದು ಯಾರಿಂದಲೂ ಏನೂ ಕಸಿಯುವುದಿಲ್ಲ. ಹಲ್ಲಿನ ಮೇಲ್ಪದರದಲ್ಲಿ ಸೇರಿ ಆಮ್ಲಕ್ಕೆ ಬೇಗ ಕರಗದ ಹಾಗೆ ಮಾಡುತ್ತದೆ, ಅಷ್ಟೇ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಜಾಸ್ತಿಯಾದರೆ ಹಲ್ಲು, ಮೂಳೆ ಹಾಳಾಗುವುದು ನಿಜ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ನಮ್ಮ ರಾಜ್ಯದಲ್ಲಿ ಆ ತೊಂದರೆ ಇರುವುದು ಬಯಲುಸೀಮೆಯ ಕೊಳವೆಬಾವಿಗಳಲ್ಲಿ. ಆದರೆ ಅದು ಉತ್ಕರ್ಷಣದ ಕಥೆಯಲ್ಲ, ಕ್ಯಾಲ್ಸಿಯಂ ಕಥೆ. ಮಕ್ಕಳಿಗೆ ಈ ಎರಡನ್ನು ಬೇರೆ ಬೇರೆ ಮಾಡಿ ಹೇಳಿ.

ಕುಂದಾಪ್ರದವ

ಕ್ಯಾಲ್ಸಿಯಂ ಅಂದದ್ದಕ್ಕೆ ಒಂದು ಮಾತು ಹೇಳಲೇಬೇಕು. ಇದನ್ನು ಓದುವ ವಿದ್ಯಾರ್ಥಿಗಳಲ್ಲಿ ಯಾರಾದರೂ ಮುಂದೆ ಹೈಡ್ರೋಫ್ಲೋರಿಕ್ ಆಮ್ಲ ಮುಟ್ಟಬಹುದು. ಈ ಲೋಹದ ಫ್ಲೋರೈಡ್‌ಗಳೆಲ್ಲ ಗಾಳಿಯ ತೇವಕ್ಕೆ ಸಿಕ್ಕರೆ ಅದೇ ಹೊರಗೆ ಬರುವುದು. ತೆಳು ಆಮ್ಲ ಮೈಮೇಲೆ ಬಿದ್ದರೆ ಕೂಡಲೇ ಉರಿಯುವುದಿಲ್ಲ. ಗಂಟೆಗಟ್ಟಲೆ ಆದ ಮೇಲೆ ನೋವು ಶುರುವಾಗಬಹುದು. ಅಷ್ಟರಲ್ಲಿ ಅದು ಚರ್ಮ ದಾಟಿ ಒಳಗೆ ಇಳಿದು ಕ್ಯಾಲ್ಸಿಯಂ ಹಿಡಿಯುತ್ತಿರುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೆ ಹೃದಯದ ಬಡಿತ ತಪ್ಪುತ್ತದೆ. ಕೂಡಲೇ ಧಾರಾಳ ನೀರಿನಲ್ಲಿ ತೊಳೆಯಬೇಕು, ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಹಚ್ಚಬೇಕು, ಆಸ್ಪತ್ರೆಗೆ ಹೋಗಬೇಕು. ಜೆಲ್ ಇಲ್ಲದ ಲ್ಯಾಬಿನಲ್ಲಿ ಆ ಬಾಟಲಿ ತೆರೆಯಲೇಬೇಡಿ. ನೋವಿಲ್ಲ ಅಂತ ಸುಮ್ನೆ ಮನೆಗೆ ಹೋಗಬೇಡಿ.

ಕೊಣಾಜೆ_ಹುಡುಗಿ

ತುಂಬಾ ಉಪಕಾರ ಅಣ್ಣ. ನಾನು ಯಾವುದನ್ನೂ ಮುಟ್ಟುವುದಿಲ್ಲ, ಬರೀ ಸ್ಲೈಡ್ ತೋರಿಸುತ್ತೇನೆ.

ಇನ್ನೊಂದು ಪ್ರಶ್ನೆ. ಫ್ಲೋರಿನ್ ಅನಿಲವನ್ನು ವಿದ್ಯುತ್ ಇಲ್ಲದೆ, ಬರೀ ರಾಸಾಯನಿಕ ಕ್ರಿಯೆಯಿಂದ ಮಾಡಲು ಆಗುವುದಿಲ್ಲ ಅಂತ ಹಳೆಯ ಪುಸ್ತಕದಲ್ಲಿದೆ. ಮ್ಯಾಂಗನೀಸ್ ಫ್ಲೋರೈಡ್‌ನಿಂದ ಮಾಡಿದ್ದಾರೆ ಅಂತ ಇನ್ನೊಂದು ಕಡೆ ಇದೆ. ಮ್ಯಾಂಗನೀಸ್ ಅಷ್ಟು ಜೋರಾ?

ಮೇಷ್ಟ್ರು_ಉಡುಪಿ

ಇದು ನನ್ನ ಅತಿ ಪ್ರೀತಿಯ ಕ್ರಿಯೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಆಂರಿ ಮ್ವಾಸಾನ್ ಪ್ಯಾರಿಸ್ಸಿನಲ್ಲಿ 1886ರ ಜೂನ್ 26ರಂದು ಮೊದಲ ಸಲ ಫ್ಲೋರಿನ್ ಬೇರ್ಪಡಿಸಿದರು. ಹೈಡ್ರೋಜನ್ ಫ್ಲೋರೈಡ್‌ನಲ್ಲಿ ಪೊಟ್ಯಾಸಿಯಂ ಬೈಫ್ಲೋರೈಡ್ ಕರಗಿಸಿ, ಪ್ಲಾಟಿನಂ ಪಾತ್ರೆಯಲ್ಲಿ, ತಂಪು ಮಾಡಿ, ವಿದ್ಯುತ್ ಹಾಯಿಸಿ ಮಾಡಿದ್ದು. 1906ರಲ್ಲಿ ಅವರಿಗೆ ನೊಬೆಲ್ ಬಂತು. ಆಮೇಲೆ ನೂರು ವರ್ಷ ಬೇರೆ ದಾರಿ ಸಿಗಲಿಲ್ಲ. ಫ್ಲೋರೈಡ್‌ನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳಬೇಕಾದರೆ ಫ್ಲೋರಿನ್‌ಗಿಂತ ಬಲದ ರಸಾಯನ ಬೇಕಲ್ಲ, ಅಂಥದ್ದು ಎಲ್ಲಿದೆ ಅನ್ನುವ ಯೋಚನೆ.

1986ರಲ್ಲಿ ಕಾರ್ಲ್ ಕ್ರಿಸ್ಟೆ ಎಂಬ ರಸಾಯನ ವಿಜ್ಞಾನಿ ಬೇರೆ ರೀತಿ ಯೋಚಿಸಿದರು. ಮ್ಯಾಂಗನೀಸ್ +4 ಸ್ಥಿತಿಯಲ್ಲಿ ಆರು ಫ್ಲೋರೈಡ್‌ಗಳ ನಡುವೆ ಋಣ ಅಯಾನಾಗಿ ಇದ್ದರೆ ಆರಾಮ. ಪೊಟ್ಯಾಸಿಯಂ ಹೆಕ್ಸಾಫ್ಲೋರೋಮ್ಯಾಂಗನೇಟ್ ಹಳದಿ ಬಣ್ಣದ ಉಪ್ಪು. ಪೊಟ್ಯಾಸಿಯಂ ಪರ್ಮಾಂಗನೇಟ್, ಹೈಡ್ರೋಫ್ಲೋರಿಕ್ ಆಮ್ಲ, ಹೈಡ್ರೋಜನ್ ಪೆರಾಕ್ಸೈಡ್ ಬಳಸಿ ಮಾಡುತ್ತಾರೆ, ಫ್ಲೋರಿನ್ ಅನಿಲ ಬೇಕಾಗಿಲ್ಲ. ಆದರೆ ಎರಡು ಫ್ಲೋರೈಡ್ ತೆಗೆದು ಮ್ಯಾಂಗನೀಸ್ ಟೆಟ್ರಾಫ್ಲೋರೈಡ್ ಮಾಡಿದರೆ ಅದಕ್ಕೆ ನೆಮ್ಮದಿ ಇಲ್ಲ. ಮ್ಯಾಂಗನೀಸ್ ಟ್ರೈಫ್ಲೋರೈಡ್ ಆಗಿ, ಫ್ಲೋರಿನ್ ಬಿಟ್ಟುಬಿಡುತ್ತದೆ.

ಎರಡು ಫ್ಲೋರೈಡ್ ತೆಗೆಯುವವರು ಯಾರು? ಆಂಟಿಮನಿ ಪೆಂಟಾಫ್ಲೋರೈಡ್. ಭಾರೀ ಬಲದ ಲೂಯಿಸ್ ಆಮ್ಲ, ಫ್ಲೋರೈಡ್ ಅಯಾನು ಎಲ್ಲಿ ಕಂಡರೂ ಎಳೆದುಕೊಳ್ಳುತ್ತದೆ. ಎರಡನ್ನೂ ಸೇರಿಸಿ 150 ಡಿಗ್ರಿಗೆ ಬಿಸಿ ಮಾಡಿದರು. ಫ್ಲೋರಿನ್ ಅನಿಲ ಬಂತು, ಇಳುವರಿ ಶೇಕಡ 40ಕ್ಕೂ ಮೇಲೆ. ಈ ಕ್ರಿಯೆಗೆ ಬೇಕಾದ ವಸ್ತುಗಳೆಲ್ಲ ಬಹಳ ಹಿಂದಿನಿಂದಲೇ ಗೊತ್ತಿದ್ದವು. ಮ್ವಾಸಾನ್ ಅವರ ಸಾಧನೆಯ ಶತಮಾನೋತ್ಸವಕ್ಕೆ ಇದಕ್ಕಿಂತ ಒಳ್ಳೆಯ ಉಡುಗೊರೆ ಬೇರೆ ಇಲ್ಲ ಅಂತ ನನಗೆ ಅನಿಸುತ್ತದೆ.

ಹಾಗಾಗಿ ಮ್ಯಾಂಗನೀಸ್ ಜೋರಾ ಅಂತ ಕೇಳಿದರೆ, ಅದು ಯಾವ ಆವೇಶದಲ್ಲಿ ಉಂಟು ಅಂತ ತಿರುಗಿ ಕೇಳಬೇಕು.

ಸುರತ್ಕಲ್_ಲೈಟ್‌ಹೌಸ್

ಈ ಮಾತಿಗೆ ನಿಕ್ಕಲ್ ಇನ್ನೂ ಚೆನ್ನಾದ ಉದಾಹರಣೆ. ಒಂದೇ ನಿಕ್ಕಲ್, ಒಂದೇ +4 ಸ್ಥಿತಿ. ಪೊಟ್ಯಾಸಿಯಂ ಹೆಕ್ಸಾಫ್ಲೋರೋನಿಕ್ಕಲೇಟ್ ಕೆಂಪು ಉಪ್ಪು, ಒಣಗಿದ ಜಾಗದಲ್ಲಿ ಇಟ್ಟರೆ ಇರುತ್ತದೆ. ಅದರ ಜೊತೆ ಇನ್ನಷ್ಟು ಪೊಟ್ಯಾಸಿಯಂ ಫ್ಲೋರೈಡ್ ಸೇರಿದ ಉಪ್ಪನ್ನು ಬಿಸಿ ಮಾಡಿದರೆ ತುಂಬಾ ಶುದ್ಧ ಫ್ಲೋರಿನ್ ಬರುತ್ತದೆ. ಆಸ್ಪ್ರೆ ಎಂಬವರು 1976ರಲ್ಲಿ ಆ ವಿಧಾನ ಬರೆದರು. ಆದರೆ ಆ ಉಪ್ಪನ್ನು ಮಾಡಲು ಫ್ಲೋರಿನ್ ಅನಿಲವೇ ಬೇಕು. ಇನ್ನು ಋಣ ಆವೇಶ ಇಲ್ಲದ ನಿಕ್ಕಲ್ ಟೆಟ್ರಾಫ್ಲೋರೈಡ್ ನೋಡಿ. ಮೈನಸ್ 65 ಡಿಗ್ರಿ ದಾಟಿದರೆ ಫ್ಲೋರಿನ್ ಬಿಡಲು ಶುರು ಮಾಡುತ್ತದೆ. ಧನ ಆವೇಶದ ನಿಕ್ಕಲ್ ಅದಕ್ಕಿಂತಲೂ ಜೋರು.

ಸ್ಲೊವೇನಿಯಾದ ಲ್ಯುಬ್ಲ್ಯಾನಾದಲ್ಲಿ ಬೋರಿಸ್ ಝೆಮ್ವಾ, ಅಮೆರಿಕದ ಬರ್ಕ್ಲಿಯಲ್ಲಿ ಬಾರ್ಟ್‌ಲೆಟ್, ಇಬ್ಬರೂ ಸೇರಿ ಈ ದಾರಿಯಲ್ಲಿ ತುಂಬಾ ಕೆಲಸ ಮಾಡಿದರು. ನೀರಿಲ್ಲದ ಹೈಡ್ರೋಜನ್ ಫ್ಲೋರೈಡ್ ದ್ರವದಲ್ಲಿ ಬೆಳ್ಳಿಯ ಧನ ಅಯಾನುಗಳನ್ನು ಬಿಡಿಸಿಟ್ಟರು. +2 ಸ್ಥಿತಿಯ ಬೆಳ್ಳಿ ಅಲ್ಲಿ ಕ್ಸೆನಾನ್‌ನ್ನು ಕೋಣೆಯ ಉಷ್ಣತೆಯಲ್ಲೇ ಕ್ಸೆನಾನ್ ಡೈಫ್ಲೋರೈಡ್ ಮಾಡುತ್ತದೆ. +3 ಸ್ಥಿತಿಯ ಬೆಳ್ಳಿಯಂತೂ ಹೆಕ್ಸಾಫ್ಲೋರೋಪ್ಲಾಟಿನೇಟ್ ಅಯಾನಿನಿಂದಲೇ ಎಲೆಕ್ಟ್ರಾನ್ ಕಿತ್ತು, ಮತ್ತೆ ಪ್ಲಾಟಿನಂ ಹೆಕ್ಸಾಫ್ಲೋರೈಡ್ ಮಾಡಿ ಕೊಡುತ್ತದೆ. ಹಿಡಿದದ್ದನ್ನು ಬಿಡುವುದಿಲ್ಲ ಅಂತ ಮೇಲೆ ಬರೆದಿದ್ದೆನಲ್ಲ, ಅದರ ಕೈಯಿಂದಲೇ ಬಿಡಿಸಿದ್ದು ಬೆಳ್ಳಿ!

ಅದಕ್ಕೇ ಅತಿ ಜೋರಿನದ್ದು ಯಾವುದು ಅಂತ ಒಂದೇ ಹೆಸರು ಹೇಳಲು ನಾನು ಒಪ್ಪುವುದಿಲ್ಲ. ಆವೇಶ ಯಾವುದು, ದ್ರಾವಕ ಯಾವುದು, ಪಕ್ಕದಲ್ಲಿ ಲೂಯಿಸ್ ಆಮ್ಲ ಉಂಟಾ, ಕಡೆಗೆ ಘನ ಬೀಳುತ್ತದಾ, ಇಷ್ಟೂ ಹೇಳಬೇಕು.

ಕಾರ್ಕಳ_ಟೀಚರ್

ಬೆಳ್ಳಿ! ನಾವು ದೇವರ ಮುಂದೆ ಇಡುವ ಬೆಳ್ಳಿಯಾ? ಪಾಠದಲ್ಲಿ ಅದಕ್ಕೆ +1 ಬಿಟ್ಟು ಬೇರೆ ಏನೂ ಹೇಳಿಕೊಡುವುದಿಲ್ಲವಲ್ಲ.

ಸುರತ್ಕಲ್_ಲೈಟ್‌ಹೌಸ್

ಅದೇ ಬೆಳ್ಳಿ ಟೀಚರ್. +2ರಲ್ಲಿ ಬೆಳ್ಳಿ ಡೈಫ್ಲೋರೈಡ್ ಉಂಟು, ಕಂದು ಕಪ್ಪು ಪುಡಿ. ತೇವ ಮುಟ್ಟಿದರೆ ಕೆಡುತ್ತದೆ. ಇದು ಬರೀ ವಿಚಿತ್ರ ವಸ್ತು ಅಲ್ಲ, ಬಳಕೆಯಲ್ಲೂ ಉಂಟು. ಪಿರಿಡೀನ್ ಜಾತಿಯ ಉಂಗುರದ ಅಣುಗಳಲ್ಲಿ ನೈಟ್ರೋಜನ್ ಪಕ್ಕದ ಜಾಗಕ್ಕೆ ಮಾತ್ರ ಫ್ಲೋರಿನ್ ಕೂರಿಸಲು 2013ರಲ್ಲಿ ಇದನ್ನು ಬಳಸಿದರು, ಅದೂ ಕೋಣೆಯ ಉಷ್ಣತೆಯಲ್ಲಿ. ಔಷಧ ಮಾಡುವವರಿಗೆ ಅಂಥ ಅಣುಗಳು ಬೇಕು.

ಅದಲ್ಲದೆ +2 ಬೆಳ್ಳಿಗೂ +2 ತಾಮ್ರಕ್ಕೂ ಡಿ ಎಲೆಕ್ಟ್ರಾನ್ ಒಂಬತ್ತೇ. ತಾಮ್ರದ ಆಕ್ಸೈಡ್‌ಗಳು ಹೆಚ್ಚಿನ ಉಷ್ಣತೆಯ ಸೂಪರ್ ಕಂಡಕ್ಟರ್‌ಗಳಿಗೆ ಹೆಸರಾದವು. ಬೆಳ್ಳಿ ಫ್ಲೋರೈಡ್ ಅದೇ ರೀತಿ ಇರಬಹುದಾ ಅಂತ ಗ್ರೋಖಾಲಾ ಮತ್ತು ಹಾಫ್‌ಮನ್ ಎಂಬ ವಿಜ್ಞಾನಿಗಳು 2001ರಲ್ಲಿ ಬರೆದರು. ಬೆಳ್ಳಿ ಡೈಫ್ಲೋರೈಡ್ ಸೂಪರ್ ಕಂಡಕ್ಟರ್ ಅಂತ ಯಾರೂ ತೋರಿಸಿಲ್ಲ. ಕಾಂತೀಯ ಗುಣದಲ್ಲಿ ಮಾತ್ರ ಹೋಲಿಕೆ ಚೆನ್ನಾಗಿಯೇ ಉಂಟು.

ಮಲ್ಪೆ_ಗಾಳಿ

ಆ ಮ್ಯಾಂಗನೀಸ್ ಉಪ್ಪಿನ ಹೆಸರು ಎಲ್ಲೋ ಕೇಳಿದ ಹಾಗಿದೆ. ಎಲ್‌ಇಡಿ ಟಿವಿಯ ಕೆಂಪು ಬೆಳಕಿಗೂ ಅದಕ್ಕೂ ಸಂಬಂಧ ಉಂಟಾ?

ಕುಂದಾಪ್ರದವ

ಉಂಟು ಮಾರಾಯ್ರೇ. ಪೊಟ್ಯಾಸಿಯಂ ಹೆಕ್ಸಾಫ್ಲೋರೋಸಿಲಿಕೇಟ್ ಒಳಗೆ ಸ್ವಲ್ಪ +4 ಮ್ಯಾಂಗನೀಸ್ ಸೇರಿಸುತ್ತಾರೆ. ನೀಲಿ ಎಲ್‌ಇಡಿ ಬೆಳಕು ಬಿದ್ದರೆ 630 ನ್ಯಾನೋಮೀಟರ್ ಆಸುಪಾಸಿನಲ್ಲಿ ಕಿರಿದಾದ ಕೆಂಪು ಗೆರೆಗಳು ಬರುತ್ತವೆ. ಕೆಂಪು ಶುದ್ಧವಾಗಿ ಕಾಣಲು ಅದೇ ಕಾರಣ. ಮೇಷ್ಟ್ರು ಹೇಳಿದ ಹಳದಿ ಉಪ್ಪು ಅದಕ್ಕೆ ಮ್ಯಾಂಗನೀಸ್ ಕೊಡುವ ಕಚ್ಚಾವಸ್ತು. ತೇವ ತಾಗಿದರೆ ಮ್ಯಾಂಗನೀಸ್ ಡೈಆಕ್ಸೈಡ್ ಆಗಿ ಕಂದು ತಿರುಗುತ್ತದೆ. ಹಾಗಾಗಿ ಕಣಗಳ ಮೇಲೆ ರಕ್ಷಣೆಯ ಪದರ ಕೊಡುತ್ತಾರೆ.

ಕಾರ್ಖಾನೆಯ ಕಡೆ ನೋಡಿದರೆ ಕೋಬಾಲ್ಟ್ ಟ್ರೈಫ್ಲೋರೈಡನ್ನು ಮರೆಯಬಾರದು. ಇದು ದೊಡ್ಡ ಹೆಸರು ಮಾಡಿಲ್ಲ. ಆದರೆ ಕೆಲಸ ಮಾಡಿದ್ದು ಇದೇ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದವರಿಗೆ ಯುರೇನಿಯಂ ಹೆಕ್ಸಾಫ್ಲೋರೈಡ್ ತಾಳಿಕೊಳ್ಳುವ ಎಣ್ಣೆ, ಸೀಲು ಬೇಕಿತ್ತು. ಇಂಗಾಲಕ್ಕೆ ಬರೀ ಫ್ಲೋರಿನ್ ಅಂಟಿರುವ ದ್ರವಗಳು ಮಾತ್ರ ಅದಕ್ಕೆ ಆಗುತ್ತಿದ್ದವು. ಹೈಡ್ರೋಕಾರ್ಬನ್ ಮೇಲೆ ಸೀದಾ ಫ್ಲೋರಿನ್ ಬಿಟ್ಟರೆ ಹೊರಡುವ ಬಿಸಿಗೆ ಅಣುವೇ ಚೂರಾಗುತ್ತದೆ. ಅದಕ್ಕೆ ಫ್ಲೋರಿನ್ನನ್ನು ಮೊದಲು ಗುಲಾಬಿ ಬಣ್ಣದ ಕೋಬಾಲ್ಟ್ ಡೈಫ್ಲೋರೈಡ್ ಮೇಲೆ ಹಾಯಿಸಿ ಟ್ರೈಫ್ಲೋರೈಡ್ ಮಾಡುತ್ತಾರೆ. ಆಮೇಲೆ ಅದರ ಮೇಲೆ ಹೈಡ್ರೋಕಾರ್ಬನ್ ಆವಿ ಹಾಯಿಸುತ್ತಾರೆ. ಒಟ್ಟು ಬಿಸಿಯ ಸುಮಾರು ಅರ್ಧ ಮೊದಲ ಹಂತದಲ್ಲೇ ಹೋಗಿರುತ್ತದೆ. ಎರಡನೇ ಹಂತ ಕೈಯಲ್ಲಿ ಹಿಡಿದಂತೆ ನಡೆಯುತ್ತದೆ. ಕೋಬಾಲ್ಟ್ ಮತ್ತೆ ಗುಲಾಬಿ ಆಗುತ್ತದೆ, ಮತ್ತೆ ಫ್ಲೋರಿನ್. ಉತ್ಕರ್ಷಣ ಶಕ್ತಿ ಜಾಸ್ತಿ ಇದ್ದರೆ ಸಾಲದು, ಬೇಕಾದಷ್ಟೇ ಇರಬೇಕು. ನಮ್ಮಂಥವರಿಗೆ ಅದು ಮುಖ್ಯ.

ಕೊಣಾಜೆ_ಹುಡುಗಿ

ಸೆಮಿನಾರ್‌ಗೆ ಬೇಕಾದ್ದಕ್ಕಿಂತ ಜಾಸ್ತಿ ಸಿಕ್ಕಿತು. ಇನ್ನು ಎರಡೇ ಪ್ರಶ್ನೆ. ಆಸ್ಮಿಯಂ ಆಕ್ಸೈಡ್‌ನಲ್ಲಿ +8ಕ್ಕೆ ಹೋಗುತ್ತದೆ. ಫ್ಲೋರಿನ್ ಆಮ್ಲಜನಕಕ್ಕಿಂತ ಬಲ ಇದ್ದರೂ ಆಸ್ಮಿಯಂ ಆಕ್ಟಾಫ್ಲೋರೈಡ್ ಯಾಕಿಲ್ಲ? ಪ್ಲಾಟಿನಂ ಹೆಕ್ಸಾಫ್ಲೋರೈಡ್ ಕ್ರಿಪ್ಟಾನ್ ಜೊತೆಗೂ ಕೆಲಸ ಮಾಡುತ್ತದಾ?

ಮೇಷ್ಟ್ರು_ಉಡುಪಿ

ಮೊದಲನೆಯದಕ್ಕೆ. ಒಂದು ಆಮ್ಲಜನಕ ಎರಡು ಎಲೆಕ್ಟ್ರಾನ್ ಲೆಕ್ಕ ಹಿಡಿಯುತ್ತದೆ. +8 ಆಗಲು ನಾಲ್ಕು ಆಮ್ಲಜನಕ ಸಾಕು. ಫ್ಲೋರಿನ್ ಆದರೆ ಎಂಟು ಬೇಕು. ಲೋಹದ ಸುತ್ತ ಅಷ್ಟು ಜಾಗ ಇಲ್ಲ, ಫ್ಲೋರಿನ್‌ಗಳು ಒಂದನ್ನೊಂದು ದೂಡುತ್ತವೆ. ಸಂಕ್ರಮಣ ಲೋಹಗಳಲ್ಲಿ ಏಳು ಫ್ಲೋರಿನ್ ಹಿಡಿದು ಸ್ಥಿರವಾಗಿ ನಿಂತದ್ದು ರೀನಿಯಂ ಹೆಪ್ಟಾಫ್ಲೋರೈಡ್ ಮಾತ್ರ. ಆಸ್ಮಿಯಂ ಹೆಪ್ಟಾಫ್ಲೋರೈಡ್ ಸಿಕ್ಕಿತು ಅಂತ 1966ರಲ್ಲಿ ಬರೆದಿದ್ದರು. ಆಮೇಲೆ ತಿರುಗಿ ಮಾಡಿದವರಿಗೆ ಹೆಕ್ಸಾಫ್ಲೋರೈಡ್ ಮಾತ್ರ ಸಿಕ್ಕಿತು. ಇಲ್ಲದ ಸಂಯುಕ್ತವನ್ನು ಪಟ್ಟಿಯಲ್ಲಿ ಹಾಕಬೇಡ.

ಕ್ರಿಪ್ಟಾನ್ ವಿಷಯ ಸುರತ್ಕಲ್‌ನವರು ಹೇಳಲಿ.

ಸುರತ್ಕಲ್_ಲೈಟ್‌ಹೌಸ್

ಆಗುವುದಿಲ್ಲ. ಕ್ರಿಪ್ಟಾನ್‌ನಿಂದ ಎಲೆಕ್ಟ್ರಾನ್ ತೆಗೆಯಲು 14 ಎಲೆಕ್ಟ್ರಾನ್ ವೋಲ್ಟ್ ಬೇಕು. ಮೇಲೆ ಹಾಕಿದ ಲೆಕ್ಕವನ್ನೇ ಮತ್ತೆ ಹಾಕಿದರೆ 7 ಕಡಿಮೆ ಬೀಳುತ್ತದೆ. ಹರಳು ಅಷ್ಟನ್ನು ಕೊಡುವುದಿಲ್ಲ.

ಕ್ರಿಪ್ಟಾನ್ ಡೈಫ್ಲೋರೈಡ್ ಅನ್ನುವ ಸಂಯುಕ್ತ ಬೇರೆ ದಾರಿಯಲ್ಲಿ ಬಂತು, 1963ರಲ್ಲಿ, ತುಂಬಾ ತಂಪಿನಲ್ಲಿ, ಬೆಳಕು ಹಾಯಿಸಿ. ಅದು ಕೋಣೆಯ ಉಷ್ಣತೆಯಲ್ಲಿ ತಾನಾಗಿ ಒಡೆಯುತ್ತದೆ. ಅಷ್ಟು ಅಸ್ಥಿರ ಇರುವುದರಿಂದಲೇ ಅದು ಲೋಹಗಳನ್ನು ಮೇಲಕ್ಕೆ ಏರಿಸಲು ಒಳ್ಳೆಯ ಸಾಧನ. ಅಕ್ಕಸಾಲಿಗರು ಬಳಸುವ ರಾಜದ್ರಾವಕ ಚಿನ್ನವನ್ನು +3ರ ವರೆಗೆ ಮಾತ್ರ ಒಯ್ಯುತ್ತದೆ. ಕ್ರಿಪ್ಟಾನ್ ಡೈಫ್ಲೋರೈಡ್ ಚಿನ್ನದ ಲೋಹವನ್ನು ಸೀದಾ +5ಕ್ಕೆ ಒಯ್ಯುತ್ತದೆ. ಹೆಕ್ಸಾಫ್ಲೋರೋಆರೇಟ್ ಋಣ ಅಯಾನು ಸಿಗುತ್ತದೆ, ಕ್ರಿಪ್ಟಾನ್ ಅನಿಲ ಹೊರಗೆ ಹೋಗುತ್ತದೆ. ಆ ಉಪ್ಪನ್ನು ಸುಮಾರು 60 ಡಿಗ್ರಿಗೆ ಬಿಸಿ ಮಾಡಿದರೆ ಚಿನ್ನದ ಪೆಂಟಾಫ್ಲೋರೈಡ್ ಉಳಿಯುತ್ತದೆ. ಇಲ್ಲೂ ಅದೇ ಕ್ರಮ ಕಾಣುತ್ತದೆ ನೋಡು. ಋಣ ಅಯಾನಿನಲ್ಲಿ +5 ಚಿನ್ನ ಗಟ್ಟಿ. ಆವೇಶ ಇಲ್ಲದ ಪೆಂಟಾಫ್ಲೋರೈಡ್ ಮಾತ್ರ ಇನ್ನೂ ಬಿಸಿ ಮಾಡಿದರೆ ಫ್ಲೋರಿನ್ ಬಿಟ್ಟು ಟ್ರೈಫ್ಲೋರೈಡ್ ಆಗುತ್ತದೆ.